ಹೊಡೆಯದೇ ಗೆಲ್ಲುವ ರಾಯರು

ಯಾವ ಊರಿನ ಕ್ಲಬ್ಬಿಗಾದರೂ ಹೋಗಿ, ಟೇಬಲ್ ಟೆನಿಸ್ ಕೋಣೆಯಲ್ಲಿ ಇವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಮೊಣಕಾಲಿಗೆ ನೀಕ್ಯಾಪ್, ಹೆಗಲಿಗೆ ಟವೆಲ್ಲು. ಬ್ಯಾಟಿನ ಒಂದು ಮಗ್ಗುಲಿಗೆ ಎಲ್ಲರಂತೆ ನುಣ್ಣನೆಯ ಕೆಂಪು ರಬ್ಬರು. ಇನ್ನೊಂದು ಮಗ್ಗುಲಿಗೆ ಕಪ್ಪು ಲಾಂಗ್ ಪಿಂಪಲ್: ಮೈತುಂಬ ಉದ್ದನೆಯ ಗುಳ್ಳೆಗಳಿರುವ ರಬ್ಬರು. ಹೊಸಬರ ಕಣ್ಣು ಕೆಂಪಿನ ಮೇಲೇ ಇರುತ್ತದೆ. ರಾಯರಿಗೂ ಬೇಕಾದದ್ದು ಅಷ್ಟೇ.

ಬೇಸಿಗೆ ಶಿಬಿರ ಮುಗಿಸಿ ಬಂದ ಹುಡುಗ ಎದುರು ನಿಂತು, ಸೊಂಟ ತಿರುಗಿಸಿ, ಚೆಂಡು ಮುಂದಕ್ಕೆ ಸುತ್ತುವಂತೆ ಭರ್ಜರಿ ಟಾಪ್‌ಸ್ಪಿನ್ ಬಾರಿಸುತ್ತಾನೆ. ರಾಯರು ಕಪ್ಪು ಮಗ್ಗುಲನ್ನು ಸುಮ್ಮನೆ ಅಡ್ಡ ಹಿಡಿಯುತ್ತಾರೆ. ಬಳುಕುವ ಆ ಉದ್ದ ಪಿಂಪಲ್‌ಗಳಿಗೆ ಚೆಂಡಿನ ಮೇಲೆ ಹಿಡಿತ ಕಡಿಮೆ. ಬಂದ ತಿರುಗು ಹೆಚ್ಚುಕಡಿಮೆ ಹಾಗೇ ಉಳಿದು, ಹುಡುಗನ ಕಡೆ ಹೋಗುವಾಗ ಹಿಂದಕ್ಕೆ ಸುತ್ತುವ ಬ್ಯಾಕ್‌ಸ್ಪಿನ್ ಆಗಿರುತ್ತದೆ. ಅವನು ಅದೇ ಉತ್ಸಾಹದಲ್ಲಿ ಮತ್ತೆ ಬಾರಿಸಿದರೆ ಚೆಂಡು ಸೀದಾ ನೆಟ್ಟಿಗೆ. "ನೀನಿಟ್ಟ ಠೇವಣಿನೇ ಕಣಪ್ಪಾ, ಬಡ್ಡಿ ಸಮೇತ ವಾಪಸ್ ಕೊಟ್ಟಿದೀನಿ" ಎನ್ನುತ್ತಾರೆ ರಾಯರು.

ಹುಡುಗನೇನು ದಡ್ಡನಲ್ಲ. ಎರಡನೇ ಗೇಮಿಗೆ ಚೆಂಡನ್ನು ಕೆಳಗಿನಿಂದ ಎತ್ತುವುದು ಕಲಿಯುತ್ತಾನೆ. ರಾಯರು ಕಾಯುತ್ತಿದ್ದದ್ದೂ ಅದಕ್ಕೇ. ಎರಡು ಸಲ ಚೆಂಡಿನ ಅಡಿ ಸವರಿ ಕಟ್ ಮಾಡಿ, ಮೂರನೆಯ ಸಲ ಅದೇ ಭಂಗಿ, ಅದೇ ಮುಖಭಾವ, ಆದರೆ ಕಟ್ ಮಾತ್ರ ಇಲ್ಲ! ಅಭ್ಯಾಸಬಲದಿಂದ ಹುಡುಗ ಎತ್ತಿದ ಚೆಂಡು ಟೇಬಲ್ ದಾಟಿ ಕೇರಂ ಆಡುವವರ ನಡುವೆ ಬೀಳುತ್ತದೆ. ಮುಂದಿನ ಪಾಯಿಂಟಿಗೆ ಅಂಗೈಯಲ್ಲೇ ಬ್ಯಾಟ್ ತಿರುವಿ ಕೆಂಪು ಮಗ್ಗುಲು. ಅದರ ಮುಂದಿನದಕ್ಕೆ ಕಾರಣವೇ ಇಲ್ಲದೆ ಮುಗಿಲೆತ್ತರಕ್ಕೊಂದು ಲಾಬ್.

1980ರ ದಶಕದಲ್ಲಿ ಬ್ಯಾಟಿನ ಎರಡು ಕಡೆಗೂ ಬೇರೆ ಬೇರೆ ಬಣ್ಣ ಇರಬೇಕೆಂದು ನಿಯಮವಾದದ್ದು ರಾಯರಿಗೆ ಇಂದಿಗೂ ಹೊಟ್ಟೆಯುರಿ. "ಅದಕ್ಕೆ ಮುಂಚೆ ಎರಡೂ ಕಡೆ ಒಂದೇ ಬಣ್ಣ ಹಾಕಬಹುದಿತ್ತು. ಯಾವ ಮಗ್ಗುಲಿನ ಹೊಡೆತ ಅನ್ನೋದು ಸದ್ದಿನಿಂದಲೂ ಗೊತ್ತಾಗಬಾರದು ಅಂತ ಕಾಲು ಬೇರೆ ಕುಟ್ಟೋರು. ಎಂಥಾ ಸತ್ಯಯುಗ!"

"ಇದೂ ಒಂದು ಆಟವೇನ್ರೀ?" ಎಂದು ಯಾರಾದರೂ ಗೊಣಗಿದರೆ ಸಾಕ್ಷಿಗಳು ಸಾಲಾಗಿ ಬರುತ್ತವೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಣಿಕಾ ಬಾತ್ರಾ ಸಿಂಗಲ್ಸ್ ಚಿನ್ನ ಗೆದ್ದದ್ದು ಯಾವ ರಬ್ಬರಿನಲ್ಲಿ? ಲಾಂಗ್ ಪಿಂಪಲ್! 2024ರಲ್ಲಿ ಬೂಸಾನ್‌ನಲ್ಲಿ ಐಹಿಕಾ ಮುಖರ್ಜಿ ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಶಾರನ್ನೇ ಕಂಗೆಡಿಸಿ ಸೋಲಿಸಿದ್ದು? ಆ್ಯಂಟಿಸ್ಪಿನ್ ರಬ್ಬರು! ಹೇಳುವ ಠೀವಿ ನೋಡಿದರೆ ಇಬ್ಬರಿಗೂ ಇವರೇ ಅಕ್ಷರಾಭ್ಯಾಸ ಮಾಡಿಸಿದಂತಿರುತ್ತದೆ.

ಇಂಥ ರಾಯರಿಗೂ ಒಂದು ಗಂಡಾಂತರವುಂಟು: ಪಕ್ಕದ ಬಡಾವಣೆಯ ಕ್ಲಬ್ಬಿನಿಂದ ಬರುವ ಇನ್ನೊಬ್ಬ ರಾಯರು. ಅವರದೂ ಅದೇ ರಬ್ಬರು, ಅದೇ ತಾಳ್ಮೆ. ಇವರು ತಳ್ಳಿದರೆ ಅವರು ತಳ್ಳುತ್ತಾರೆ. ಇಬ್ಬರೂ ಕೊಡುವವರೇ ಹೊರತು ಹೊಡೆಯುವವರು ಯಾರೂ ಇಲ್ಲ. 1936ರಲ್ಲಿ ಪ್ರಾಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರ್ಲಿಖ್ ಮತ್ತು ಪಾನೆತ್ ಒಂದೇ ಪಾಯಿಂಟನ್ನು ಎರಡು ಗಂಟೆಗೂ ಹೆಚ್ಚು ಎಳೆದರಂತೆ; ಇವರಿಬ್ಬರಿಗೆ ಆ ದಾಖಲೆಯ ಮೇಲೇ ಕಣ್ಣು. ಹತ್ತು ನಿಮಿಷವಾದರೂ ಗೇಮ್ ಮುಗಿಯದೆ, ಇಬ್ಬರ ಪಾಯಿಂಟುಗಳೂ ಸೇರಿ 18 ಆಗದಿದ್ದರೆ ಎಕ್ಸ್‌ಪಿಡೈಟ್ ನಿಯಮ ಹಾಕಬೇಕು: ಹದಿಮೂರು ಸಲ ಚೆಂಡು ಹಿಂದಿರುಗಿಸಿದ ರಿಸೀವರ್‌ಗೇ ಪಾಯಿಂಟು. ಆದರೆ ಎಣಿಸಲು ಕೂತ ಕಾರ್ಯದರ್ಶಿಗಳು ಏಳಕ್ಕೇ ನಿದ್ದೆಹೋಗಿರುತ್ತಾರೆ.

ಕೊನೆಗೆ ವಾಚ್‌ಮನ್ ಬಂದು ಲೈಟ್ ಆರಿಸಿದಾಗ ಸ್ಕೋರು 4-4. "ಡ್ರಾ ಅಂತ ಬರ್ಕೊಳ್ಳಿ" ಎಂದರು ರಾಯರು.

"ಟೇಬಲ್ ಟೆನಿಸ್‌ನಲ್ಲಿ ಡ್ರಾ ಇಲ್ಲ ಸಾರ್!"

"ಅದು ಹೊಡೆಯೋರಿಗೆ ಇರೋ ರೂಲು ಕಣಯ್ಯಾ."