ತನಿ ಶುರುವಾಯಿತು, ಏಳಿ!

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆ ಬರುವ ರಸಿಕರಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯವರು ರಾಗಪತ್ತೇದಾರರು. ಆಲಾಪನೆ ಶುರುವಾದೊಡನೆ ಭೈರವಿಯೋ ಮುಖಾರಿಯೋ ಎಂದು ಪಕ್ಕದವರ ಕಿವಿ ಕಚ್ಚುತ್ತಾರೆ. ಕೃತಿಯ ಪಲ್ಲವಿ ಕೇಳಿದ ಮೇಲೆ, "ನಾನು ಆಗಲೇ ಹೇಳಲಿಲ್ವೇ?" ಎನ್ನುತ್ತಾರೆ.

ಎರಡನೆಯವರು ತಾಳಪ್ರಿಯರು. ಆದಿತಾಳಕ್ಕೆ ಎಂಟೇ ಅಕ್ಷರ. ಇವರ ತೊಡೆಯ ಮೇಲೆ ಒಮ್ಮೊಮ್ಮೆ ಒಂಬತ್ತು. ಹುರುಪು ಹೆಚ್ಚಿದರೆ ಪೆಟ್ಟು ಪಕ್ಕದವರ ತೊಡೆಗೆ.

ಮೂರನೆಯವರದೇ ಬಹುಮತ. ಪಿಟೀಲು ಕೆಳಗಿಳಿದು ತನಿ ಆವರ್ತನ ಶುರುವಾಯಿತೆಂದರೆ ಇವರಿಗೆ ಅದೇ ಕಾಫಿ ಗಂಟೆ. ಮೃದಂಗದ ಮುಕ್ತಾಯಕ್ಕೂ ಲೋಟದ ಕೊನೆಯ ಗುಟುಕಿಗೂ ಸರಿಯಾಗಿ ತಾಳೆ ಹಾಕಿ, ಚಪ್ಪಾಳೆಗೆ ಹಾಜರಾಗುತ್ತಾರೆ.

ಖಾಲಿ ಕುರ್ಚಿಗಳೆದುರೂ ಲಯ ತಪ್ಪದ ಮೃದಂಗ ವಿದ್ವಾಂಸರೇ ನಿಜವಾದ ಸ್ಥಿತಪ್ರಜ್ಞರು.