ಚಹಾದ ಮ್ಯಾಲ ಒಂದು

ನಮ್ಮ ವಾಡಿಯಲ್ಲಿ ಸಿಗರೇಟು ಸೇದಬೇಕೆಂದು ಯಾರಿಗೂ ಸುಮ್ಮಸುಮ್ಮನೆ ಅನಿಸುವುದಿಲ್ಲ. ಚಹಾ ಬರಬೇಕು, ಗಾಡಿ ಲೇಟಾಗಬೇಕು, ಸಿಮೆಂಟ್ ಫ್ಯಾಕ್ಟರಿಯ ಪಾಳಿ ಬಿಡಬೇಕು. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಕಿಸೆಗೆ ಇಳಿಯುತ್ತದೆ. ನನ್ನನ್ನು ಒಂದು ಮಾತೂ ಕೇಳುವುದಿಲ್ಲ.

ಹೊಗೆಯ ಜತೆ ಹೋದ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಎರಡು ತಾಸಿಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ನನ್ನ ಚಟ ಅಷ್ಟು ಓದಿಕೊಂಡದ್ದಲ್ಲ. ಅದು ನಡೆಯುವುದು ರೈಲ್ವೆ ಟೈಮಿನ ಮೇಲೆ. ಹೈದರಾಬಾದ್ ಕಡೆಯ ಗಾಡಿ ಚಿತ್ತಾಪುರ ದಾಟಿದರೆ ಬಾಯಿ ಒಣಗುತ್ತದೆ, ಮಳಖೇಡ ರೋಡಿನಲ್ಲಿ ಚಡಪಡಿಕೆ, ಸೇಡಂನಲ್ಲಿ ಇಳಿದವನೇ ಸ್ಟೇಷನ್ನಿನ ಹೊರಗೆ ಓಟ. 2008ರ ಗಾಂಧಿ ಜಯಂತಿಯಂದು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ ನಿಷೇಧ ಬಂತಲ್ಲ, ಆವತ್ತಿನಿಂದ ನನ್ನ ಹೊಗೆ ಕಡಿಮೆಯಾಗಲಿಲ್ಲ, ಓಟ ಹೆಚ್ಚಾಯಿತು.

ಶಹಾಬಾದಿನಲ್ಲಿ ಇನ್ನೂ ಕಷ್ಟ. ಅಲ್ಲಿನ ಪಾನ್ ಅಂಗಡಿಯ ಮುಂದೆ ಊರಿನದೇ ಕಲ್ಲಿನ ಕಟ್ಟೆ. ಮೇ ತಿಂಗಳಲ್ಲೂ ನೆರಳಿಗೆ ತಣ್ಣಗೆ ಇರುತ್ತದೆ. ಕೂತರೆ ಸೇದಬೇಕು, ಸೇದಿದರೆ ಇನ್ನಷ್ಟು ಕೂಡಬೇಕು.

ಚಿಂಚೋಳಿಗೆ ಮಾತ್ರ ಗಾಡಿ ಇಲ್ಲ, ಬಸ್ಸೇ ಗತಿ. ಭಾವಮೈದುನನ ಜತೆ ಚಂದ್ರಂಪಳ್ಳಿ ಕೆರೆ ನೋಡಲು ಹೋಗಿದ್ದೆ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು ಅದು. ಬೆಂಕಿಕಡ್ಡಿ ಗೀರುವ ಮಾತೇ ಇಲ್ಲ. ಚಹಾದವನಿಲ್ಲ, ಕಟ್ಟೆ ಇಲ್ಲ, ‘ಗಾಡಿ ಎಷ್ಟು ಲೇಟ್ರಿ’ ಎನ್ನುವವರಿಲ್ಲ. ಮಧ್ಯಾಹ್ನವಿಡೀ ನನಗೆ ಸಿಗರೇಟಿನ ನೆನಪೇ ಆಗಲಿಲ್ಲ! ನಾನು ಧೂಮಪಾನಿಯೇ ಅಲ್ಲವೇನೋ ಎಂಬ ಅನುಮಾನ ಬಂತು. ವಾಪಸು ಬರುವಾಗ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕಪ್ಪು-ಬಸಿಯ ಸಪ್ಪಳ ಕೇಳಿತು, ಅನುಮಾನ ಪರಿಹಾರವಾಯಿತು.

“ಹಂಗಿದ್ರ ಚಹಾನೇ ಬಿಡ್ರಿ,” ಎಂದಳು ಹೆಂಡತಿ. ಬಿಟ್ಟೆ. ಮಜ್ಜಿಗೆ ಹಿಡಿದೆ. ಮಜ್ಜಿಗೆ ಕುಡಿದು ಸಿಗರೇಟು ಹಚ್ಚಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೈ ಕಿಸೆಯ ತನಕ ಹೋಗಿ, ಹೊಂದಿಕೆ ಆಗದೆ, ಬರಿದೇ ಹಿಂತಿರುಗುತ್ತಿತ್ತು.

ಇದರಿಂದ ನಷ್ಟವಾದದ್ದು ಮೂಲೆಯ ಕಾಕಾನಿಗೆ. ಬಿಡಿ ಸಿಗರೇಟು ಮಾರಬಾರದೆಂದು ಸರ್ಕಾರ 2017ರಲ್ಲೇ ಹೇಳಿದೆ. ಕಾಕಾ ನನಗೆ ಎಂದೂ ಮಾರಿದವನಲ್ಲ, ಉದ್ದರಿ ಕೊಟ್ಟವನು. ವಾರ ಕಾದು, ಒಂದು ಸಂಜೆ ದಾರಿಯಲ್ಲೇ ತಡೆದ.

“ಚಹಾ ಬಿಟ್ರಂತಲ್ಲ ಸಾಹೇಬ್ರ? ಚಿಂತಿಲ್ಲ, ಬರ್ರಿ. ಇವತ್ತಿಂದ ಮಜ್ಜಿಗಿನೂ ಇಟ್ಟೀನಿ.”