ತಾರಾಯಾನ ನಿಂದಾಮೀಮಾಂಸೆ

ಇನ್ನು ನಿಂದೆಯ ವಿಚಾರ. ‘ಸ್ಟಾರ್ ಟ್ರೆಕ್’ ಸಂಪ್ರದಾಯದ ಭಕ್ತರಲ್ಲಿ ಪ್ರಮಾಣಗಳು ಮೂರು. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ 79 ಕಂತುಗಳು ಶ್ರುತಿ. ಆಮೇಲಿನವು ಸ್ಮೃತಿ. ತೀರಾ ಈಚಿನದು ಪ್ರಕ್ಷಿಪ್ತ, ಯಾರೋ ದುರುಳರು ನಡುವೆ ತುರುಕಿದ್ದು. ಪ್ರತಿ ಸರಣಿಯೂ ಪ್ರಕ್ಷಿಪ್ತವಾಗಿಯೇ ಹುಟ್ಟಿ, ಮುಂದಿನದು ಬಂದು ಬೈಗುಳವನ್ನು ಹೊತ್ತುಕೊಂಡ ಮೇಲೆ ಸ್ಮೃತಿಯಾಗಿ ಬಡ್ತಿ ಪಡೆಯುತ್ತದೆಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಆಧಾರಗಳಿಗೆ ಬರವಿಲ್ಲ. 1987ರ ‘ನೆಕ್ಸ್ಟ್ ಜನರೇಷನ್’ನಲ್ಲಿ ಶ್ರುತಿಯ ನಾಯಕ ಕ್ಯಾಪ್ಟನ್ ಕರ್ಕ್ ಇರಲಿಲ್ಲ, ಬದಲಿಗೆ ಬೋಳುತಲೆಯ, ಫ್ರೆಂಚ್ ಹೆಸರಿನ, ಅಪ್ಪಟ ಇಂಗ್ಲಿಷ್ ಉಚ್ಚಾರಣೆಯ ಕ್ಯಾಪ್ಟನ್ ಒಬ್ಬರಿದ್ದರು. 1993ರ ‘ಡೀಪ್ ಸ್ಪೇಸ್ ನೈನ್’ ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ಠಿಕಾಣಿ ಹೂಡಿತು. ಎಲ್ಲಿಗೂ ಹೊರಡದಿದ್ದರೆ ಅದೆಂಥ ಯಾನ ಎಂದು ಭಕ್ತರು ಕೇಳಿದರು. 2001ರ ‘ಎಂಟರ್‌ಪ್ರೈಸ್’ನ ಶೀರ್ಷಿಕೆ ಗೀತೆಯ ವಿರುದ್ಧವಂತೂ ಸಹಿ ಸಂಗ್ರಹವೇ ನಡೆಯಿತು. 2017ರಲ್ಲಿ ‘ಡಿಸ್ಕವರಿ’ ಬಂದಾಗ, ಅದನ್ನು ಬಡಿಯಲು ಇವೇ ಹಳೆಯ ಸರಣಿಗಳು ಬಡಿಗೆಯಾದವು.

ಈ ಶಾಸ್ತ್ರದ ಅತ್ಯಂತ ಗಹನ ಶಾಖೆ ಕ್ಲಿಂಗಾನ್ ಲಲಾಟಮೀಮಾಂಸೆ. ಶ್ರುತಿಯಲ್ಲಿ ಕ್ಲಿಂಗಾನರೆಂಬ ಅನ್ಯಗ್ರಹವಾಸಿಗಳ ಹಣೆ ನುಣುಪು. 1979ರ ಚಲನಚಿತ್ರದಲ್ಲಿ ಅಲ್ಲಿ ದಿಣ್ಣೆಗಳೆದ್ದವು. ಕಾರಣ ಮೇಕಪ್ಪಿನ ಬಜೆಟ್ಟು ಎನ್ನುವವರು ನಾಸ್ತಿಕರು. 1996ರ ಒಂದು ಕಂತಿನಲ್ಲಿ ಸಹೋದ್ಯೋಗಿಗಳು ಇದನ್ನೇ ಕೇಳಿದಾಗ, ಕ್ಲಿಂಗಾನ್ ವೋರ್ಫ್, ಹೊರಗಿನವರ ಜತೆ ಈ ವಿಷಯ ಮಾತಾಡುವುದಿಲ್ಲವೆಂದು ಮುಖ ತಿರುವಿದ. ಒಳ್ಳೆಯ ಉತ್ತರವೇ, ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. 2005ರಲ್ಲಿ ಎರಡು ಕಂತು ವ್ಯಯಿಸಿ, ವಂಶವಾಹಿ ಪ್ರಯೋಗದಿಂದ ಹುಟ್ಟಿದ ವೈರಸ್ಸು ದಿಣ್ಣೆಗಳನ್ನು ಕರಗಿಸಿತೆಂದು ಭಾಷ್ಯ ಬರೆಯಲಾಯಿತು. ಭಕ್ತರು ನೆಮ್ಮದಿಯಿಂದ ಮಲಗಿರಲು, 2017ರಲ್ಲಿ ತಲೆಯ ಮೇಲೆ ಒಂದು ಕೂದಲೂ ಇಲ್ಲದ ಕ್ಲಿಂಗಾನರು ಪ್ರತ್ಯಕ್ಷರಾದರು. ಗದ್ದಲವೆದ್ದಿತು. 2019ರಲ್ಲಿ ಕೂದಲು ಮರಳಿತು: ಕಥೆಯೊಳಗಿನ ಯುದ್ಧ ಮುಗಿಯಿತಲ್ಲ, ಕೂದಲು ಬಿಡುತ್ತಿದ್ದಾರೆ!

ಎರಡನೆಯ ಶಾಖೆ ಸ್ಪಾಕ್‌ಗೋತ್ರವಿಚಾರ. ‘ಡಿಸ್ಕವರಿ’ಯ ನಾಯಕಿ ಮೈಕೆಲ್ ಬರ್ನ್‌ಹ್ಯಾಮ್, ಶ್ರುತಿಯಲ್ಲಿ ಕರ್ಕ್‌ನ ಸಹಚರನಾದ ಸ್ಪಾಕ್‌ನ ಮನೆಯಲ್ಲೇ ಬೆಳೆದ ಸಾಕು ಅಕ್ಕ. ಪೂರ್ವಪಕ್ಷ: ಅರ್ಧ ಶತಮಾನದಲ್ಲಿ ಆತ ಅವಳ ಹೆಸರನ್ನು ಒಮ್ಮೆಯೂ ಎತ್ತಿಲ್ಲ, ಆದ್ದರಿಂದ ಅವಳಿಲ್ಲ. ಉತ್ತರಪಕ್ಷ: ಆತ ಯಾರ ಹೆಸರನ್ನು ತಾನೇ ಎತ್ತಿದ್ದ? 1967ರ ಒಂದು ಕಂತಿನಲ್ಲಿ, ಬಾಲ್ಯದಲ್ಲೇ ಗೊತ್ತಾಗಿದ್ದ ಹೆಣ್ಣು ಪರದೆಯ ಮೇಲೆ ಬಂದು ನಿಂತಾಗಲೇ ಹಡಗಿನವರಿಗೆ ಸುದ್ದಿ ತಿಳಿದದ್ದು. ಅದೇ ವರ್ಷ ಇನ್ನೊಂದು ಕಂತಿನಲ್ಲಿ, ಕೆಳಗಿಳಿದು ತಂದೆತಾಯಿಯನ್ನು ನೋಡಿಬರುವೆಯಾ ಎಂದು ಕರ್ಕ್ ಕೇಳಿದರೆ, ಎದುರಿಗೆ ನಿಂತ ರಾಯಭಾರಿ ದಂಪತಿಯೇ ಅವರೆಂದು ತಣ್ಣಗೆ ಹೇಳಿದ. 1989ರ ಚಲನಚಿತ್ರದಲ್ಲಿ ಮಲಸಹೋದರನೊಬ್ಬ ಹೊರಬಿದ್ದ. ಇಷ್ಟಾದ ಮೇಲೆ ಅಕ್ಕನ ಬಗ್ಗೆ ಆತನ ಮೌನ ಅವಳ ಅಸ್ತಿತ್ವಕ್ಕೆ ಪ್ರಬಲ ಪ್ರಮಾಣವೆಂದೇ ಹಿಡಿಯಬೇಕು.

ಶ್ರುತಿಯಲ್ಲಿಯೂ ಪಾಠಾಂತರವುಂಟು. ಆರಂಭದ ಒಂದು ಕಂತಿನ ಗೋರಿಕಲ್ಲಿನ ಮೇಲೆ ನಾಯಕನ ಹೆಸರು ಜೇಮ್ಸ್ ಆರ್. ಕರ್ಕ್, ಮುಂದೆ ಆತ ಜೇಮ್ಸ್ ಟಿ. ಕರ್ಕ್. ಇದನ್ನು ಪ್ರಸ್ತಾಪಿಸುವುದು ಅವಿನಯ.

ಕಡೆಯ ತೊಡಕು ‘ದಿ ಆರ್ವಿಲ್’. ಸೆತ್ ಮೆಕ್‌ಫಾರ್ಲೇನ್ ಸೃಷ್ಟಿಸಿದ, ‘ಸ್ಟಾರ್ ಟ್ರೆಕ್’ನ ಅಣಕಿನಂತಿರುವ ಈ ವಿನೋದ ಸರಣಿ ‘ಡಿಸ್ಕವರಿ’ಗಿಂತ ಎರಡು ವಾರ ಮೊದಲು, 2017ರ ಸೆಪ್ಟೆಂಬರ್ 10ರಂದು, ಫಾಕ್ಸ್ ವಾಹಿನಿಯಲ್ಲಿ ತೆರೆಕಂಡಿತು. ಒಂದು ಪಂಗಡ ಅಣಕನ್ನೇ ಅಸಲಿಯೆಂದೂ ಅಸಲಿಯನ್ನು ನಕಲಿಯೆಂದೂ ಸಾರಿತು. ಅಣಕು ಪ್ರಬಂಧಕಾರರಿಗೆ ಈ ತೀರ್ಪು ಪರಮಸಮ್ಮತ. ಆದರೆ ‘ನೆಕ್ಸ್ಟ್ ಜನರೇಷನ್’ನ ರೈಕರ್, ಅಂದರೆ ಜೊನಾಥನ್ ಫ್ರೇಕ್ಸ್, ಎರಡೂ ಸರಣಿಗಳ ಕಂತುಗಳನ್ನು ನಿರ್ದೇಶಿಸಿದ್ದಾರೆ. ಅವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬ ಬಗ್ಗೆ ಪಂಡಿತರಲ್ಲಿ ಒಮ್ಮತ ಮೂಡಿಲ್ಲ.